ಪರೀಕ್ಷೆಯೂ ಒಂದು ಮಾಪಕ

ರಾವೂರ, ವಾಡಿ, ಶಹಾಬಾದಗಳ ಸೀಮೆಯಲ್ಲಿ ನೆಲವನ್ನು ಅಗೆದರೆ ಸುಣ್ಣಕಲ್ಲಿನ ಪದರಗಳು ಕಾಣುತ್ತವೆ. ಅವನ್ನು ಹಲಗೆಗಳಂತೆ ಎಬ್ಬಿಸಿ, ಅಂಚು ಕೊಯ್ದು, ನಾನಾ ಊರುಗಳಿಗೆ ಕಳುಹಿಸುತ್ತಾರೆ. ಇಲ್ಲಿಯ ಜನ ಇದನ್ನು ಫರಸಿ ಎನ್ನುವರು. ಹೊರಗಿನವರಿಗೆ ಇದು ಶಹಾಬಾದ್ ಕಲ್ಲು. ಈ ಕಲ್ಲನ್ನು ಅಳೆಯುವುದು ಅಡಿ-ಅಂಗುಲಗಳ ಟೇಪಿನಿಂದ. ಚದರಡಿಯ ಲೆಕ್ಕಕ್ಕೆ ಆ ಟೇಪು ಧಾರಾಳವಾಗಿ ಸಾಕು. ಆದರೆ ಅದೇ ಟೇಪನ್ನು ಹಿಡಿದು ತಲೆಗೂದಲಿನ ದಪ್ಪವನ್ನು ಅಳೆಯಲು ಹೊರಟವನನ್ನು ನೋಡಿ ಗಣಿಯವರು ನಕ್ಕಾರು. ಪ್ರತಿಯೊಂದು ಮಾಪಕಕ್ಕೂ ಅದರದೇ ಆದ ವ್ಯಾಪ್ತಿಯುಂಟು, ಅದು ಗುರುತಿಸಬಲ್ಲ ಅತ್ಯಲ್ಪ ಅಳತೆಯುಂಟು, ಎಷ್ಟು ಎಚ್ಚರ ವಹಿಸಿದರೂ ಅದರಲ್ಲಿ ಉಳಿದುಬಿಡುವ ದೋಷವುಂಟು. ಪ್ರಯೋಗಶಾಲೆಗೆ ಕಾಲಿಟ್ಟ ಮೊದಲ ವಾರದಲ್ಲಿಯೇ ವಿದ್ಯಾರ್ಥಿ ಕಲಿಯುವ ಪಾಠವಿದು. ವಿಚಿತ್ರವೆಂದರೆ, ತನ್ನನ್ನೇ ಅಳೆಯುವ ಮಾಪಕದ ಮುಂದೆ, ಅಂದರೆ ಪರೀಕ್ಷೆಯ ಮುಂದೆ, ಕುಳಿತ ಕೂಡಲೇ ಆತ ಈ ಪಾಠವನ್ನು ಮರೆತುಬಿಡುತ್ತಾನೆ.

ಹೊರದೇಶದಲ್ಲಿ, ಅದರಲ್ಲಿಯೂ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ, ಉನ್ನತ ವ್ಯಾಸಂಗ ಮಾಡಬಯಸುವವರು ಬರೆಯುವ ಜಿ.ಆರ್.ಇ. ಎಂಬ ಪ್ರವೇಶ ಪರೀಕ್ಷೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ರಾವೂರ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ಕಡೆಯಿಂದ ಬಂದು ಭೌತವಿಜ್ಞಾನವನ್ನು ಓದುತ್ತಿರುವ ತರುಣರು ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: “ಕನ್ನಡ ಸಾಲಿಯೊಳಗ ಕಲಿತು ಬಂದವರು ನಾವು. ನಮಗ ಇದು ಆಗೋ ಮಾತೇನ್ರಿ, ಸರ್?” ಆಗುವ ಮಾತೆಂಬುದಕ್ಕೆ ನಿದರ್ಶನಗಳುಂಟು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬವೊಂದರಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾನಿಲಯದಿಂದ 1960ರಲ್ಲಿ ನ್ಯೂಕ್ಲಿಯ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದರು. ಬೆಂಗಳೂರಿನ ಸಿ. ವಿ. ವಿಶ್ವೇಶ್ವರ ಅವರು ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸಿದರು. ಕಲಕಿದ ಕಪ್ಪುಕುಳಿಯು ಬಾರಿಸಿದ ಗಂಟೆಯಂತೆ ಕಂಪಿಸಿ ಶಾಂತವಾಗುವ ಬಗೆಯನ್ನು 1970ರಲ್ಲಿ ಲೆಕ್ಕದಿಂದ ತೋರಿಸಿಕೊಟ್ಟವರು ಅವರೇ. ಆದರೆ ಹಿರಿಯರ ನಿದರ್ಶನ ಧೈರ್ಯವನ್ನು ಕೊಡಬಲ್ಲದೇ ಹೊರತು ಉಪಾಯವನ್ನು ಕೊಡಲಾರದು. ಉಪಾಯ ಬೇಕಾದರೆ ಮಾಪಕವನ್ನು ಬಿಚ್ಚಿ ನೋಡಬೇಕು.

ಈ ಪರೀಕ್ಷೆ ಹುಟ್ಟಿದ್ದು 1930ರ ದಶಕದಲ್ಲಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯ ಎಂಬ ನಾಲ್ಕು ವಿಶ್ವವಿದ್ಯಾನಿಲಯಗಳು ಕಾರ್ನೆಗೀ ಪ್ರತಿಷ್ಠಾನದೊಡನೆ ಸೇರಿ 1937ರಲ್ಲಿ ಮೊದಲ ಬಾರಿಗೆ ಇದನ್ನು ನಡೆಸಿದವು. ಬೇರೆ ಬೇರೆ ಕಾಲೇಜುಗಳ ಅಂಕಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದ್ದರಿಂದ ಎಲ್ಲರಿಗೂ ಸಮಾನವಾದ ಒಂದು ಅಳತೆಗೋಲು ಬೇಕು ಎಂಬುದು ಅವರ ಆಲೋಚನೆಯಾಗಿತ್ತು. 1947ರಲ್ಲಿ ಸ್ಥಾಪನೆಯಾದ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಎಂಬ ಸಂಸ್ಥೆಯು ಅನಂತರ ಇದರ ಹೊಣೆಯನ್ನು ವಹಿಸಿಕೊಂಡಿತು.

2023ರ ಸೆಪ್ಟೆಂಬರಿನಲ್ಲಿ ಪರೀಕ್ಷೆಯನ್ನು ಬಹಳಷ್ಟು ಮೊಟಕುಗೊಳಿಸಲಾಯಿತು. ಈಗ ಇದರ ಒಟ್ಟು ಅವಧಿ 1 ಗಂಟೆ 58 ನಿಮಿಷ. ಮೊದಲು 30 ನಿಮಿಷದ ಒಂದು ಪ್ರಬಂಧ. ಬಳಿಕ ಭಾಷಾಶಕ್ತಿಯ ಎರಡು ವಿಭಾಗಗಳು: 18 ನಿಮಿಷದಲ್ಲಿ 12 ಪ್ರಶ್ನೆ, 23 ನಿಮಿಷದಲ್ಲಿ 15 ಪ್ರಶ್ನೆ. ಅಂತೆಯೇ ಗಣಿತದ ಎರಡು ವಿಭಾಗಗಳು: 21 ನಿಮಿಷದಲ್ಲಿ 12, 26 ನಿಮಿಷದಲ್ಲಿ 15. ಭಾಷೆಗೂ ಗಣಿತಕ್ಕೂ ಪ್ರತ್ಯೇಕವಾಗಿ 130ರಿಂದ 170ರವರೆಗಿನ ಅಂಕಗಳು. ಪ್ರಬಂಧಕ್ಕೆ ಸೊನ್ನೆಯಿಂದ 6. ಭಾಗಾಕಾರ ಮಾಡಿ ನೋಡಿದರೆ ಭಾಷೆಯ ಪ್ರಶ್ನೆಯೊಂದಕ್ಕೆ ಒಂದೂವರೆ ನಿಮಿಷ, ಗಣಿತದ್ದಕ್ಕೆ ಒಂದೂಮುಕ್ಕಾಲು ನಿಮಿಷ ದೊರೆಯುತ್ತದೆ. ಮೂರು ಗಂಟೆ ಕುಳಿತು ಉದ್ದುದ್ದ ಉತ್ತರಗಳನ್ನು ಬರೆದು ರೂಢಿಯಾದ ನಮ್ಮ ವಿದ್ಯಾರ್ಥಿಗೆ ಇದೇ ಮೊದಲ ಆಘಾತ. ವಿಷಯ ತಿಳಿಯದೆ ಸೋಲುವವರಿಗಿಂತ ಈ ವೇಗ ತಿಳಿಯದೆ ಸೋಲುವವರು ಹೆಚ್ಚೆಂದು ನಮ್ಮ ಅಭಿಪ್ರಾಯ.

ಗಣಿತದ ಮಟ್ಟ ಪ್ರೌಢಶಾಲೆಯದು. ಅಂಕಗಣಿತ, ಬೀಜಗಣಿತ, ರೇಖಾಗಣಿತ, ದತ್ತಾಂಶಗಳ ವಿಶ್ಲೇಷಣೆ, ಇಷ್ಟೆ. ಕಲನಶಾಸ್ತ್ರವಿಲ್ಲ, ತ್ರಿಕೋನಮಿತಿಯಿಲ್ಲ, ಪರದೆಯ ಮೇಲೆ ಒಂದು ಗಣನಯಂತ್ರವನ್ನೂ ಕೊಟ್ಟಿರುತ್ತಾರೆ. ಇದನ್ನು ಕೇಳಿ ಎಂ.ಎಸ್‌ಸಿ. ವಿದ್ಯಾರ್ಥಿಗಳು ಉದಾಸೀನ ಮಾಡುವುದುಂಟು. ಅಂಥವರು ಒಂದು ಮಾದರಿ ಪ್ರಶ್ನೆಯನ್ನು ನೋಡಲಿ. ‘ಅ’ ಎಂಬುದು ಒಂದು ಸಂಖ್ಯೆ. ‘ಅ’ದ ವರ್ಗ ದೊಡ್ಡದೋ, ‘ಅ’ ದೊಡ್ಡದೋ? ವರ್ಗವೇ ದೊಡ್ಡದೆಂದು ಥಟ್ಟನೆ ಹೇಳುವವರು ಬಹಳ. ಸಂಖ್ಯೆ 3 ಆದರೆ ಅದು ನಿಜ. 1 ಆದರೆ ಎರಡೂ ಸಮ. ಅರ್ಧವಾದರೆ ವರ್ಗ ಕಾಲು ಮಾತ್ರ, ಅಂದರೆ ಸಂಖ್ಯೆಯೇ ದೊಡ್ಡದು. ಆದ್ದರಿಂದ ‘ಕೊಟ್ಟ ವಿವರಗಳಿಂದ ನಿರ್ಧರಿಸಲಾಗದು’ ಎಂಬುದೇ ಸರಿಯಾದ ಉತ್ತರ. ಇಲ್ಲಿ ಅಳೆಯುತ್ತಿರುವುದು ಸೂತ್ರಗಳ ಜ್ಞಾನವನ್ನಲ್ಲ. ಹೇಳಿದ್ದೆಷ್ಟು, ಹೇಳದೆ ಬಿಟ್ಟಿದ್ದೆಷ್ಟು ಎಂಬುದನ್ನು ಬೇರ್ಪಡಿಸುವ ಎಚ್ಚರವನ್ನು.

ಇನ್ನು ಮಾಪಕದ ಒಳರಚನೆ. ಪ್ರಯೋಗಶಾಲೆಯಲ್ಲಿ ಅಜ್ಞಾತವಾದ ವಿದ್ಯುತ್ಪ್ರವಾಹವೊಂದನ್ನು ಅಳೆಯುವಾಗ ನಾವು ಮಲ್ಟಿಮೀಟರಿನ ತಿರುಗುಗುಂಡಿಯನ್ನು ಮೊದಲು ದೊಡ್ಡ ವ್ಯಾಪ್ತಿಗೆ ಇಟ್ಟು ಸ್ಥೂಲವಾಗಿ ಓದುತ್ತೇವೆ. ಆಮೇಲೆ ತಕ್ಕ ವ್ಯಾಪ್ತಿಗೆ ತಿರುಗಿಸಿ ಸೂಕ್ಷ್ಮವಾಗಿ ಓದುತ್ತೇವೆ. ಜಿ.ಆರ್.ಇ. ಮಾಡುವುದೂ ಇದನ್ನೇ. ಮೊದಲ ವಿಭಾಗದಲ್ಲಿ ಮಧ್ಯಮ ತರಗತಿಯ ಪ್ರಶ್ನೆಗಳಿರುತ್ತವೆ. ಅಭ್ಯರ್ಥಿ ಅದರಲ್ಲಿ ಎಷ್ಟನ್ನು ಸರಿಯಾಗಿ ಉತ್ತರಿಸಿದನೆಂಬುದನ್ನು ನೋಡಿ, ಎರಡನೆಯ ವಿಭಾಗವನ್ನು ಸುಲಭ ಅಥವಾ ಕಠಿನ ಮಾಡಿ ಕಂಪ್ಯೂಟರು ಅವನ ಮುಂದಿಡುತ್ತದೆ. ಕೊನೆಯ ಅಂಕವನ್ನು ಕಟ್ಟುವಾಗ ಆ ಕಾಠಿನ್ಯವನ್ನೂ ಗಣನೆಗೆ ತೆಗೆದುಕೊಳ್ಳುತ್ತಾರೆ. ಆದುದರಿಂದ ಎರಡನೆಯ ವಿಭಾಗ ಬಹಳ ಕಠಿನವೆನಿಸಿದರೆ ಎದೆಗುಂದಬೇಕಾಗಿಲ್ಲ. ಮೊದಲನೆಯದನ್ನು ಚೆನ್ನಾಗಿ ಮಾಡಿದುದರ ಫಲ ಅದಾಗಿರಬಹುದು. ಒಂದು ವಿಭಾಗದೊಳಗೆ ಹಿಂದೆ ಮುಂದೆ ಹೋಗಿ ಉತ್ತರವನ್ನು ತಿದ್ದಬಹುದು, ಮತ್ತು ಅಲ್ಲಿನ ಪ್ರತಿ ಪ್ರಶ್ನೆಗೂ ಬೆಲೆ ಒಂದೇ. ಹೀಗಿರುವಾಗ ಬಿಡಿಸಲಾಗದ ಒಂದು ಪ್ರಶ್ನೆಯ ಮೇಲೆ ಹಟಕ್ಕೆ ಬಿದ್ದು ಐದು ನಿಮಿಷ ಕಳೆಯುವುದೆಂದರೆ ಮುಂದೆ ಕಾದಿರುವ ಸುಲಭವಾದ ಮೂರನ್ನು ಬಿಟ್ಟುಕೊಟ್ಟಂತೆ.

ಇಂಥ ಪರೀಕ್ಷೆಗಳ ಹಿಂದೆ ಒಂದು ಗಣಿತ ಸಿದ್ಧಾಂತವಿದೆ. ಮೇಲೆ ಹೇಳಿದ ಸಂಸ್ಥೆಯಲ್ಲಿದ್ದ ಫ್ರೆಡರಿಕ್ ಲಾರ್ಡ್ 1950ರ ದಶಕದಲ್ಲಿಯೂ, ಡೆನ್ಮಾರ್ಕಿನ ಗಣಿತಜ್ಞ ಗಿಯೋರ್ಗ್ ರಾಷ್ 1960ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ ಅದರ ತಳಹದಿಯನ್ನು ಹಾಕಿದರು. ಅದರ ಅತಿ ಸರಳ ರೂಪ ಹೀಗಿದೆ. ಒಂದು ಪ್ರಶ್ನೆಗೆ ಒಂದು ಕಾಠಿನ್ಯ, ಅಭ್ಯರ್ಥಿಗೆ ಒಂದು ಸಾಮರ್ಥ್ಯ. ಇವೆರಡನ್ನೂ ಒಂದೇ ಅಳತೆಗೋಲಿನ ಮೇಲೆ ಗುರುತಿಸಿಕೊಳ್ಳೋಣ. ಸಾಮರ್ಥ್ಯವು ಕಾಠಿನ್ಯಕ್ಕಿಂತ ಬಹಳ ಕಡಿಮೆಯಿದ್ದರೆ ಸರಿಯುತ್ತರದ ಸಂಭಾವ್ಯತೆ ಸೊನ್ನೆಗೆ ಹತ್ತಿರ. ಬಹಳ ಹೆಚ್ಚಿದ್ದರೆ ಒಂದಕ್ಕೆ ಹತ್ತಿರ. ಎರಡೂ ಸಮವಾದಾಗ ಸರಿಯಾಗಿ ಅರ್ಧ. ಈ ನಡುವೆ ರೇಖೆಯು ನುಣುಪಾಗಿ ಬಾಗಿ ಮೇಲೇರುತ್ತದೆ. ಪದವಿ ತರಗತಿಯ ವಿದ್ಯಾರ್ಥಿಗಳಿಗೆ ಈ ರೇಖೆಯ ಪರಿಚಯ ಆಗಲೇ ಇದೆ: ಲೋಹದೊಳಗಿನ ಇಲೆಕ್ಟ್ರಾನುಗಳು ಶಕ್ತಿಮಟ್ಟಗಳನ್ನು ತುಂಬುವ ಬಗೆಯನ್ನು ಹೇಳುವ ಫರ್ಮಿ-ಡಿರಾಕ್ ರೇಖೆಯನ್ನು ಎಡಬಲ ತಿರುಗಿಸಿದರೆ ದೊರೆಯುವುದು ಇದೇ ಆಕಾರ.

ಒಂದು ಪ್ರಶ್ನೆಯು ಅಭ್ಯರ್ಥಿಯ ಬಗ್ಗೆ ಎಷ್ಟು ತಿಳಿವಳಿಕೆಯನ್ನು ಕೊಡುತ್ತದೆ? ಸರಿಯುತ್ತರದ ಸಂಭಾವ್ಯತೆಯನ್ನು ತಪ್ಪುತ್ತರದ ಸಂಭಾವ್ಯತೆಯಿಂದ ಗುಣಿಸಿದರೆ ಅದು ದೊರೆಯುತ್ತದೆ. ಹತ್ತರಲ್ಲಿ ಐದು ಸಲ ಸರಿಯಾಗುವ ಪ್ರಶ್ನೆಯಾದರೆ ಗುಣಲಬ್ಧ 0.25, ಹತ್ತರಲ್ಲಿ ಒಂಬತ್ತು ಸಲ ಸರಿಯಾಗುವುದಾದರೆ 0.09, ಅಂದರೆ ಹಿಂದಿನದರ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಅಷ್ಟೆ. ಯಾವಾಗಲೂ ಸರಿಯಾಗುವ ಪ್ರಶ್ನೆಯಿಂದ ತಿಳಿಯುವುದು ಸೊನ್ನೆ. ಪರೀಕ್ಷಕರು ಈ ತತ್ತ್ವವನ್ನು ಅಳೆಯಲು ಬಳಸುತ್ತಾರೆ. ವಿದ್ಯಾರ್ಥಿಯು ಇದನ್ನು ಓದಲು ಬಳಸಿಕೊಳ್ಳಬಹುದೆಂದು ನಮ್ಮ ಸಲಹೆ. ಈಗಾಗಲೇ ಕರಗತವಾದ ಲೆಕ್ಕಗಳನ್ನೇ ನೂರು ಬಾರಿ ಮಾಡಿ ಸಂತೋಷಪಡುವುದು, ಇಲ್ಲವೆ ಒಂದೂ ತಿಳಿಯದ ಪುಸ್ತಕವನ್ನು ಹಿಡಿದು ಕೊರಗುವುದು, ಎರಡೂ ಕಾಲಹರಣ. ಹತ್ತರಲ್ಲಿ ನಾಲ್ಕೈದು ತಪ್ಪುವ ಅಭ್ಯಾಸಗಳನ್ನು ಹುಡುಕಿಕೊಂಡು, ಆ ನಾಲ್ಕೈದು ಏಕೆ ತಪ್ಪಿದವೆಂದು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಪರೀಕ್ಷಾ ಸಂಸ್ಥೆಯೇ ಪವರ್‌ಪ್ರೆಪ್ ಎಂಬ ಹೆಸರಿನಲ್ಲಿ ಎರಡು ಪೂರ್ಣ ಮಾದರಿ ಪರೀಕ್ಷೆಗಳನ್ನು ಬೆಲೆಯಿಲ್ಲದೆ ಒದಗಿಸಿದೆ. ಒಂದನ್ನು ಮೊದಲ ದಿನವೇ ಬರೆದು ತನ್ನ ಸ್ಥಾನವನ್ನು ತಿಳಿದುಕೊಂಡು, ಮತ್ತೊಂದನ್ನು ಕೊನೆಯ ವಾರಕ್ಕೆ ಉಳಿಸಿಕೊಳ್ಳುವುದು ಮೇಲು.

ತಪ್ಪುತ್ತರಕ್ಕೆ ಅಂಕ ಕಳೆಯುವ ಪದ್ಧತಿ ಇಲ್ಲಿಲ್ಲ. ಇದರ ಪರಿಣಾಮವನ್ನು ಲೆಕ್ಕ ಹಾಕೋಣ. ಐದು ಉತ್ತರಗಳಲ್ಲಿ ಒಂದನ್ನು ಆರಿಸಬೇಕಾದ ಐದು ಪ್ರಶ್ನೆಗಳು ಉಳಿದಿವೆ, ವೇಳೆ ಮುಗಿಯಿತು ಎನ್ನಿ. ಕಣ್ಣು ಮುಚ್ಚಿ ಗುರುತು ಹಾಕಿದರೂ ಐದೂ ತಪ್ಪಾಗುವ ಸಂಭಾವ್ಯತೆ ಐದನೆಯ ನಾಲ್ಕು ಪಾಲನ್ನು ಐದು ಬಾರಿ ಗುಣಿಸಿದಷ್ಟು, ಅಂದರೆ ಸುಮಾರು 0.33. ಒಂದಾದರೂ ಸರಿಯಾಗುವ ಸಂಭಾವ್ಯತೆ 0.67. ಖಾಲಿ ಬಿಟ್ಟರೆ ಸೊನ್ನೆ. ಆದರೆ ಎಲ್ಲ ಪ್ರಶ್ನೆಗಳೂ ಈ ಬಗೆಯವಲ್ಲ. ಆರು ಪದಗಳಲ್ಲಿ ವಾಕ್ಯಕ್ಕೆ ಒಂದೇ ಅರ್ಥ ಕೊಡುವ ಎರಡನ್ನು ಆರಿಸಬೇಕಾದ ಪ್ರಶ್ನೆಗಳುಂಟು. ಎಷ್ಟು ಜೋಡಿಗಳು ಸಾಧ್ಯ? ಇದಕ್ಕೆ ಉತ್ತರ ಹುಡುಕಲು ರಾವೂರದವರು ದೂರ ಹೋಗಬೇಕಾಗಿಲ್ಲ. ಅದೇ ಸೀಮೆಯ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ತನ್ನ ಗ್ರಂಥದಲ್ಲಿ ಸ್ತುತಿಸಿರುವ ಮಹಾವೀರಾಚಾರ್ಯನು ಸುಮಾರು 850ರಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಇಂಥ ಆಯ್ಕೆಗಳನ್ನು ಎಣಿಸುವ ಸಾರ್ವತ್ರಿಕ ನಿಯಮವಿದೆ. ಮೇಲಿನಿಂದ ಇಳಿಯುತ್ತ ಎರಡು ಸಂಖ್ಯೆ, 6 ಮತ್ತು 5. ಕೆಳಗಿನಿಂದ ಏರುತ್ತ ಎರಡು, 1 ಮತ್ತು 2. ಮೊದಲ ಗುಣಲಬ್ಧವನ್ನು ಎರಡನೆಯದರಿಂದ ಭಾಗಿಸಿದರೆ 15. ಹದಿನೈದರಲ್ಲಿ ಒಂದು ಜೋಡಿ ಮಾತ್ರ ಸರಿ. ಎರಡರಲ್ಲಿ ಒಂದು ಪದ ಸರಿಯಾದರೆ ಅರ್ಧ ಅಂಕವೂ ಇಲ್ಲ. ಮೂರು ಖಾಲಿ ಜಾಗ, ಒಂದೊಂದಕ್ಕೆ ಮೂರು ಪದಗಳಿರುವ ಪ್ರಶ್ನೆಯಲ್ಲಿ ಸಾಧ್ಯತೆಗಳು 27. ಇಲ್ಲಿ ಊಹೆಗೆ ಬೆಲೆ ಅತ್ಯಲ್ಪ. ವೇಳೆ ಸಾಲದಾದಾಗ ಯಾವುದನ್ನು ಊಹೆಗೆ ಬಿಡಬೇಕು, ಯಾವುದಕ್ಕೆ ಉಳಿದ ನಿಮಿಷವನ್ನು ಕೊಡಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆಂಗ್ಲ ಭಾಷೆಯ ಭಯವೇ ನಮ್ಮವರಿಗೆ ಅತಿ ದೊಡ್ಡದು. ಮೂರು ಸಾವಿರ ಶಬ್ದಗಳ ಪಟ್ಟಿಯನ್ನು ಬಾಯಿಪಾಠ ಮಾಡುವವರನ್ನು ನಾವು ಕಂಡಿದ್ದೇವೆ. ತಿಂಗಳು ಕಳೆಯುವುದರೊಳಗೆ ಅದರಲ್ಲಿ ಬಹುಭಾಗ ಮರೆತುಹೋಗುತ್ತದೆ. ವಸ್ತುತಃ ಈ ಪ್ರಶ್ನೆಗಳು ಶಬ್ದಕ್ಕಿಂತ ಹೆಚ್ಚಾಗಿ ವಾಕ್ಯದ ತರ್ಕವನ್ನು ಪರೀಕ್ಷಿಸುತ್ತವೆ. ಕನ್ನಡದಲ್ಲಿಯೇ ಒಂದು ಮಾದರಿ: ‘ಮಳೆ ಕೈಕೊಟ್ಟ ವರ್ಷವಾದರೂ ಆ ಊರಿನ ತೊಗರಿಯ ಬೆಳೆ ––––.’ ಖಾಲಿ ಜಾಗದಲ್ಲಿ ‘ಒಣಗಿತು’ ಎಂದು ಯಾವ ಕನ್ನಡಿಗನೂ ಬರೆಯಲಾರ. ‘ಆದರೂ’ ಎಂಬ ಒಂದು ಅವ್ಯಯವು ವಾಕ್ಯದ ದಿಕ್ಕನ್ನು ತಿರುಗಿಸಿಬಿಟ್ಟಿದೆ. ಉತ್ತರ ‘ಹುಲುಸಾಗಿ ಬಂತು’ ಎಂಬರ್ಥದ್ದೇ ಆಗಿರಬೇಕು. ‘ಆದ್ದರಿಂದ’ ಎಂದಿದ್ದರೆ ಉತ್ತರವೂ ತಿರುಗುತ್ತಿತ್ತು. ಈ ವಿವೇಕ ನಮ್ಮ ವಿದ್ಯಾರ್ಥಿಗೆ ತಾಯಿಯ ಮಾತಿನಿಂದಲೇ ಬಂದಿದೆ. ಆಂಗ್ಲದಲ್ಲಿ ಇಂಥ ತಿರುವಿನ ಶಬ್ದಗಳು ಹೆಚ್ಚೆಂದರೆ ಒಂದೆರಡು ಡಜನ್. ಮೊದಲು ಅವನ್ನು ಗುರುತಿಸಲು ಕಲಿತು, ಆಮೇಲೆ ದಿನಕ್ಕೆ ಒಂದು ಪುಟ ಗಂಭೀರ ಗದ್ಯವನ್ನು, ಅದು ಇತಿಹಾಸವಾಗಲಿ ಜೀವವಿಜ್ಞಾನವಾಗಲಿ, ಓದಿ ಅದರ ಸಾರವನ್ನು ಎರಡು ವಾಕ್ಯಗಳಲ್ಲಿ ಬರೆಯುವ ಅಭ್ಯಾಸ ಮಾಡಿದರೆ, ಹೊಸ ಶಬ್ದಗಳು ಸಂದರ್ಭದೊಡನೆ ಮನಸ್ಸಿನಲ್ಲಿ ನಿಲ್ಲುತ್ತವೆ. ಇದಕ್ಕೆ ಒಂದು ವರ್ಷ ಬೇಕು. ಮೂರು ತಿಂಗಳಲ್ಲಿ ಆಗುವುದೆಂದು ಹೇಳುವವರನ್ನು ನಂಬಬಾರದು. ಪ್ರಬಂಧದ ವಿಷಯಗಳ ಪೂರ್ಣ ಪಟ್ಟಿಯನ್ನು ಸಂಸ್ಥೆ ಬಹಿರಂಗಪಡಿಸಿದೆ. ವಾರಕ್ಕೊಂದನ್ನು ಗಡಿಯಾರ ಇಟ್ಟುಕೊಂಡು ಬರೆಯಬಹುದು.

ಭೌತವಿಜ್ಞಾನಕ್ಕೆಂದೇ ಬೇರೊಂದು ಪರೀಕ್ಷೆಯಿದೆ. ಅದರಲ್ಲಿ 2 ಗಂಟೆಗೆ ಸುಮಾರು 70 ಪ್ರಶ್ನೆಗಳು. ಯಂತ್ರಶಾಸ್ತ್ರಕ್ಕೆ ನೂರರಲ್ಲಿ 20 ಪಾಲು, ವಿದ್ಯುತ್ಕಾಂತತೆಗೆ 18, ಕ್ವಾಂಟಂ ಯಂತ್ರಶಾಸ್ತ್ರಕ್ಕೆ 13. ಮಿಕ್ಕದ್ದು ಉಷ್ಣ, ಬೆಳಕು, ಪರಮಾಣು, ಸಾಪೇಕ್ಷತೆ, ಪ್ರಯೋಗ ವಿಧಾನ ಮುಂತಾದವುಗಳಿಗೆ. ಇಲ್ಲಿ ಪೂರ್ಣ ನಿಷ್ಪತ್ತಿಯನ್ನು ಬರೆಯುತ್ತ ಕುಳಿತವನಿಗೆ ವೇಳೆ ಸಾಲದು. ಒಂದು ಉದಾಹರಣೆ. ನುಣುಪಾದ ಮೇಜಿನ ಮೇಲೆ ‘ಚ’ ದ್ರವ್ಯರಾಶಿಯ ಒಂದು ಫರಸಿಯ ತುಂಡು. ಅದಕ್ಕೆ ಕಟ್ಟಿದ ದಾರವು ಮೇಜಿನ ಅಂಚಿನ ರಾಟೆಯ ಮೇಲೆ ಹಾದು, ತುದಿಯಲ್ಲಿ ‘ಕ’ ದ್ರವ್ಯರಾಶಿಯ ತುಂಡು ತೂಗುತ್ತಿದೆ. ಗುರುತ್ವದ ವೇಗೋತ್ಕರ್ಷ ‘ಗ’. ತುಂಡುಗಳ ವೇಗೋತ್ಕರ್ಷವೆಷ್ಟು? ಕೊಟ್ಟಿರುವ ಉತ್ತರಗಳು: ಗ; ಗ × ಕ/ಚ; ಗ × ಕ/(ಚ+ಕ); ಗ × ಚ/(ಚ+ಕ); ಗ × (ಚ−ಕ)/(ಚ+ಕ). ಸಮೀಕರಣ ಬರೆಯುವ ಮುನ್ನ ಯೋಚಿಸೋಣ. ಮೇಜಿನ ಮೇಲಿನ ತುಂಡು ಇಲ್ಲವೇ ಇಲ್ಲವೆಂದರೆ ತೂಗುವ ತುಂಡು ಸ್ವತಂತ್ರವಾಗಿ ಬೀಳಬೇಕು, ಅಂದರೆ ಉತ್ತರ ‘ಗ’ ಆಗಬೇಕು. ‘ಚ’ ಸೊನ್ನೆಯೆಂದು ಇಟ್ಟರೆ ಎರಡನೆಯದು ಅನಂತವಾಗುತ್ತದೆ, ನಾಲ್ಕನೆಯದು ಸೊನ್ನೆಯಾಗುತ್ತದೆ, ಐದನೆಯದು ಋಣವಾಗುತ್ತದೆ. ಮೂರೂ ಹೋದವು. ಮೇಜಿನ ಮೇಲಿರುವುದು ಬೆಟ್ಟದಷ್ಟು ಭಾರವಾದರೆ ಏನೂ ಕದಲಬಾರದು. ಮೊದಲನೆಯ ಉತ್ತರಕ್ಕೆ ಅದು ತಿಳಿಯದು. ಉಳಿದದ್ದು ಮೂರನೆಯದು. ಅರ್ಧ ನಿಮಿಷದಲ್ಲಿ ಕೆಲಸ ಮುಗಿಯಿತು. ಇದನ್ನು ಕೆಲವರು ಅಡ್ಡದಾರಿ ಎನ್ನುತ್ತಾರೆ. ನಾವು ಒಪ್ಪುವುದಿಲ್ಲ. ಸೂತ್ರವನ್ನು ಅದರ ಎಲ್ಲೆಗಳಲ್ಲಿ ಇಟ್ಟು ನೋಡುವುದು ಭೌತವಿಜ್ಞಾನಿಯ ನಿತ್ಯದ ಅಭ್ಯಾಸ. ನಮ್ಮ ತರಗತಿಗಳಲ್ಲಿ ಅದನ್ನು ಸಾಕಷ್ಟು ಕಲಿಸುತ್ತಿಲ್ಲವೆಂಬುದೇ ವಿಷಾದದ ಸಂಗತಿ.

ಹಾಗಾದರೆ ಕೊನೆಗೆ ಕೈಗೆ ಬರುವ ಅಂಕವನ್ನು ಎಷ್ಟರಮಟ್ಟಿಗೆ ನಂಬಬೇಕು? ಇಲ್ಲಿ ಟೇಪಿನ ಮಾತು ಮತ್ತೆ ಬರುತ್ತದೆ. ಭಾಷೆ ಮತ್ತು ಗಣಿತದ ಅಂಕಗಳಲ್ಲಿ ಅಳತೆಯ ದೋಷ ಸುಮಾರು 2 ಅಂಕದಷ್ಟಿರುತ್ತದೆ. ಅದೇ ವ್ಯಕ್ತಿ, ಅದೇ ಸಿದ್ಧತೆಯಲ್ಲಿ ಮತ್ತೊಮ್ಮೆ ಬರೆದರೆ ಅಂಕ ಅಷ್ಟು ಮೇಲೆ ಕೆಳಗೆ ಆಗುವುದು ಸಹಜ. ಇಬ್ಬರನ್ನು ಹೋಲಿಸುವಾಗ ಎರಡು ದೋಷಗಳು ಕೂಡುವುದರಿಂದ ಎರಡರ ವರ್ಗಮೂಲದಷ್ಟು ಪಟ್ಟು ಹೆಚ್ಚಿ ಸುಮಾರು 3 ಆಗುತ್ತದೆ. ಹಾಗಿರುವಾಗ 161 ಬಂದವನು 163 ಬಂದ ಗೆಳೆಯನಿಗಿಂತ ತಾನು ಕೀಳೆಂದು ಬಗೆಯುವುದಕ್ಕೆ ಅಳತೆಯ ಶಾಸ್ತ್ರದಲ್ಲಿ ಆಧಾರವಿಲ್ಲ. ಒಂದೇ ಅಂಕವನ್ನು ಗಡಿಯಾಗಿಟ್ಟು ಅಭ್ಯರ್ಥಿಗಳನ್ನು ತಳ್ಳಿಹಾಕಬಾರದೆಂದು ಪರೀಕ್ಷೆ ನಡೆಸುವ ಸಂಸ್ಥೆಯೇ ವಿಶ್ವವಿದ್ಯಾನಿಲಯಗಳಿಗೆ ಹೇಳಿದೆ. ಈ ಮಾಪಕವು ಅಳೆಯಬೇಕಾದುದನ್ನೇ ಅಳೆಯುತ್ತದೆಯೇ ಎಂಬ ಚರ್ಚೆಯೂ ಇದೆ. ಭೌತವಿಜ್ಞಾನಿ ಕೇಸಿ ಮಿಲ್ಲರ್ ಮತ್ತು ಖಗೋಳವಿಜ್ಞಾನಿ ಕೀವನ್ ಸ್ಟಾಸನ್ 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ, ಸಂಶೋಧನೆಯಲ್ಲಿ ಯಾರು ಯಶಸ್ವಿಯಾಗುವರೆಂದು ಹೇಳುವುದರಲ್ಲಿ ಇದು ಸೋಲುತ್ತದೆಂದು ವಾದಿಸಿದರು. 2020ರ ಬಳಿಕ ಅನೇಕ ಭೌತವಿಜ್ಞಾನ ವಿಭಾಗಗಳು ಇದನ್ನು ಕಡ್ಡಾಯವಲ್ಲವೆಂದವು. ಕೆಲವು ಈ ಅಂಕಗಳನ್ನು ನೋಡುವುದೇ ಇಲ್ಲ. ಇನ್ನು ಕೆಲವು ಮತ್ತೆ ಕೇಳತೊಡಗಿವೆ. ಆದ್ದರಿಂದ ಇಪ್ಪತ್ತು ಸಾವಿರ ರೂಪಾಯಿಗೂ ಮಿಕ್ಕ ಶುಲ್ಕವನ್ನು ಕಟ್ಟುವುದಕ್ಕೆ ಮೊದಲು, ತಾನು ಸೇರಬಯಸುವ ವಿಭಾಗಗಳು ಇದನ್ನು ಕೇಳುತ್ತವೆಯೇ ಎಂದು ಒಂದೊಂದಾಗಿ ನೋಡಿಕೊಳ್ಳಬೇಕು. ಗಣಿಯ ಕೂಲಿಯಿಂದಲೋ ಒಣಬೇಸಾಯದಿಂದಲೋ ನಡೆಯುವ ಮನೆಗೆ ಅದು ಸಣ್ಣ ಮೊತ್ತವಲ್ಲ.

ಹಣದ ವಿಷಯದಲ್ಲಿ ಇನ್ನೊಂದು ತಿಳಿಯತಕ್ಕ ಸಂಗತಿಯಿದೆ. ಅಮೆರಿಕದಲ್ಲಿ ಎಂ.ಎಸ್. ಓದುವವರು ಸಾಮಾನ್ಯವಾಗಿ ಸ್ವಂತ ಖರ್ಚಿನಲ್ಲಿ ಓದುತ್ತಾರೆ; ಆದರೆ ಭೌತವಿಜ್ಞಾನದ ಪಿಎಚ್.ಡಿ.ಗೆ ಸೇರಿದವರಿಗೆ ಬಹುಮಟ್ಟಿಗೆ ಬೋಧನಾಶುಲ್ಕದ ವಿನಾಯಿತಿಯೂ, ಕಿರಿಯರಿಗೆ ಪಾಠ ಹೇಳಿದ್ದಕ್ಕೆ ಅಥವಾ ಸಂಶೋಧನೆಯಲ್ಲಿ ನೆರವಾದುದಕ್ಕೆ ವೇತನವೂ ದೊರೆಯುತ್ತವೆ. ಹೊಲ ಅಡವಿಟ್ಟು ಹೋಗುವುದೊಂದೇ ದಾರಿಯಲ್ಲ. ಅಲ್ಲಿನ ಅನೇಕ ವಿಶ್ವವಿದ್ಯಾನಿಲಯಗಳು ಹದಿನಾರು ವರ್ಷದ ವಿದ್ಯಾಭ್ಯಾಸವನ್ನು ಬಯಸುವುದರಿಂದ, ಮೂರು ವರ್ಷದ ಬಿ.ಎಸ್‌ಸಿ. ಮುಗಿಸಿದವರು ಕಲಬುರಗಿಯ ವಿಶ್ವವಿದ್ಯಾನಿಲಯದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲೋ ಎಂ.ಎಸ್‌ಸಿ. ಮಾಡಿ ಅರ್ಜಿ ಹಾಕುವುದು ಸುರಕ್ಷಿತ. ಆ ಎರಡು ವರ್ಷಗಳೇ ಸಿದ್ಧತೆಯ ಕಾಲವೂ ಹೌದು.

ಕಾಲಗಣನೆಯನ್ನು ಹಿಂದಿನಿಂದ ಮಾಡಬೇಕು. ಅರ್ಜಿಗಳ ಗಡುವು ಬಹುತೇಕ ಡಿಸೆಂಬರ್ ಮಧ್ಯದಿಂದ ಜನವರಿಯ ಆರಂಭದವರೆಗೆ. ಭೌತವಿಜ್ಞಾನದ ಪರೀಕ್ಷೆ ವರ್ಷದಲ್ಲಿ ಏಪ್ರಿಲ್, ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಾತ್ರ ನಡೆಯುತ್ತದೆ. ಸಾಮಾನ್ಯ ಪರೀಕ್ಷೆಗೆ ಅಂಥ ನಿರ್ಬಂಧವಿಲ್ಲ. ಒಮ್ಮೆ ಬರೆದ ಮೇಲೆ 21 ದಿನ ಬಿಟ್ಟು ಮತ್ತೆ ಬರೆಯಬಹುದು, ಹನ್ನೆರಡು ತಿಂಗಳಲ್ಲಿ ಐದು ಸಲ. ಅಂಕಗಳು 5 ವರ್ಷ ಊರ್ಜಿತ. ಆಗಸ್ಟಿನೊಳಗೆ ಅದನ್ನು ಬರೆದರೆ, ಬೇಕಾದಲ್ಲಿ ಇನ್ನೊಮ್ಮೆ ಬರೆಯಲೂ ಅವಕಾಶ ಉಳಿಯುತ್ತದೆ. ರಾವೂರದವರಿಗೆ ಪರೀಕ್ಷಾ ಕೇಂದ್ರಕ್ಕಾಗಿ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ. ವಾಡಿಯಿಂದ ಸಿಕಂದರಾಬಾದಿಗೆ 1874ರಿಂದಲೂ ರೈಲುಹಾದಿಯಿದೆ. ಎಲ್ಲಕ್ಕಿಂತ ಮುಂಚೆ ಮಾಡಿಸಬೇಕಾದುದು ಪಾಸ್‌ಪೋರ್ಟು. ಅದರಲ್ಲಿರುವ ಹೆಸರೂ ಪರೀಕ್ಷೆಗೆ ನೋಂದಾಯಿಸುವ ಹೆಸರೂ ಅಕ್ಷರಶಃ ಒಂದೇ ಆಗಿರಬೇಕು. ನಮ್ಮ ಕಡೆ ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು ಮೊದಲು, ಆಧಾರಿನಲ್ಲಿ ಕೊನೆಗೆ, ಅಂಕಪಟ್ಟಿಯಲ್ಲಿ ಬರಿಯ ಇನಿಷಿಯಲ್ ಆಗಿರುವುದು ಸಾಮಾನ್ಯ. ಅದನ್ನು ಸರಿಪಡಿಸಿಕೊಳ್ಳಲು ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆಯಾದ್ದರಿಂದ, ಎಂ.ಎಸ್‌ಸಿ. ಮೊದಲ ವರ್ಷದಲ್ಲಿಯೇ ಆ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.